ಚಿತ್ರ ಫೋಲ್ಡರಿನಲ್ಲಿದೆ, ಪುಟದಲ್ಲಿಲ್ಲ: ಮಾರ್ಕ್‌ಡೌನ್‌ನಲ್ಲಿ ರಿಲೇಟಿವ್ ಲಿಂಕ್ ಹೇಗೆ ಕೆಲಸ ಮಾಡುತ್ತದೆ

ವೆಬ್ ಪುಟವಾಗಬೇಕಾದ ಬರಹವನ್ನು ಸರಳ ಪಠ್ಯದಲ್ಲೇ ಬರೆಯುವ ರೀತಿ ಮಾರ್ಕ್‌ಡೌನ್. ಅದರ ಫೈಲಿಗೆ ಚಿತ್ರ ಸೇರಿಸುವುದು ಒಂದೇ ಸಾಲಿನ ಕೆಲಸ. ಒಂದು ಆಶ್ಚರ್ಯಸೂಚಕ ಚಿಹ್ನೆ, ಚೌಕ ಆವರಣದಲ್ಲಿ ಚಿತ್ರದ ವಿವರಣೆ, ದುಂಡು ಆವರಣದಲ್ಲಿ ಚಿತ್ರ ಸಿಗುವ ದಾರಿ. ಓದಲು ಸುಲಭವಾಗಲೆಂದು ಫೈಲುಗಳ ಹೆಸರನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ:

![ಲಾಗಿನ್ ಪರದೆ](ಚಿತ್ರಗಳು/ಲಾಗಿನ್.ಪಿಎನ್‌ಜಿ)

ಬರೆದವರ ಕಂಪ್ಯೂಟರಿನಲ್ಲಿ ಇದು ಸಲೀಸಾಗಿ ಕಾಣುತ್ತದೆ. ವೆಬ್‌ಗೆ ಏರಿಸಿದಾಗ ಅಕ್ಷರಗಳೆಲ್ಲ ಸರಿಯಾಗಿ ಬಂದು, ಚಿತ್ರದ ಜಾಗದಲ್ಲಿ ಮಾತ್ರ ಹರಿದ ಕಾಗದದ ಪುಟ್ಟ ಗುರುತು ಕೂತಿರುತ್ತದೆ. ಆಗ ಹೆಚ್ಚಿನವರು ಮಾಡುವುದೇನು? ಚಿತ್ರವನ್ನು ಮತ್ತೊಮ್ಮೆ ಏರಿಸಿ ನೋಡುತ್ತಾರೆ, ಫೋಲ್ಡರಿನ ಹೆಸರು ಬದಲಿಸುತ್ತಾರೆ, ದಾರಿಯ ಮುಂದೆ ಎರಡೆರಡು ಚುಕ್ಕಿ ಸೇರಿಸುತ್ತಾ ಹೋಗುತ್ತಾರೆ. ಹೀಗೆ ತಡಕಾಡುತ್ತಿದ್ದರೆ ಎಂದೋ ಒಮ್ಮೆ ಚಿತ್ರ ಕಾಣಿಸಿಕೊಳ್ಳುವುದೂ ಉಂಟು. ಯಾಕೆ ಕಾಣಿಸಿತು ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಗೊತ್ತಾಗಬೇಕಾದರೆ ಮೊದಲು ಒಂದು ಮಾತು ಮನಸ್ಸಿಗೆ ಬರಬೇಕು: ಆ ಚಿತ್ರ ಎಲ್ಲಿದೆಯೆಂದು ಮಾರ್ಕ್‌ಡೌನ್‌ಗೆ ತಿಳಿದೇ ಇಲ್ಲ. ಜಾನ್ ಗ್ರೂಬರ್ 2004ರಲ್ಲಿ ಇದನ್ನು ರೂಪಿಸಿದ್ದು ಸರಳ ಪಠ್ಯವನ್ನು ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ಗೆ ಬದಲಿಸುವ ಸಲಕರಣೆಯಾಗಿ. ದುಂಡು ಆವರಣದೊಳಗೆ ನೀವು ಬರೆದದ್ದನ್ನು ಅದು ಎತ್ತಿಕೊಂಡು ಎಚ್‌ಟಿಎಂಎಲ್‌ನ ಇಮೇಜ್ ಟ್ಯಾಗಿನೊಳಗೆ ಇಡುತ್ತದೆ, ಅಷ್ಟೇ. ಫೈಲ್ ಇದೆಯೇ, ದಾರಿ ಸರಿಯಿದೆಯೇ ಎಂದು ನೋಡುವುದು ಅದರ ಕೆಲಸವಲ್ಲ. ಆ ಕೆಲಸ ಬ್ರೌಸರ್‌ಗೆ ಬೀಳುತ್ತದೆ. ಬ್ರೌಸರ್ ನಿಮ್ಮ ಫೋಲ್ಡರನ್ನು ಕಂಡೇ ಇಲ್ಲ. ಅದರ ಕೈಯಲ್ಲಿರುವುದು ಎರಡೇ: ಈಗ ತೆರೆದಿರುವ ಪುಟದ ವಿಳಾಸ ಮತ್ತು ನೀವು ಬರೆದ ಆ ಅರ್ಧಂಬರ್ಧ ದಾರಿ.

ಪೂರ್ಣ ವಿಳಾಸವೆಂದರೆ ಡೊಮೇನ್ ಹೆಸರಿನಿಂದ ಹಿಡಿದು ಫೈಲ್ ಹೆಸರಿನವರೆಗೆ ಎಲ್ಲವೂ ಇರುವಂಥದ್ದು. ಅದನ್ನು ಎಲ್ಲಿಂದ ಓದಿದರೂ ಅರ್ಥ ಒಂದೇ. ರಿಲೇಟಿವ್ ಲಿಂಕ್ ಹಾಗಲ್ಲ. ದಾರಿಹೋಕರಿಗೆ ‘ಎರಡನೇ ತಿರುವಿನಲ್ಲಿ ಎಡಕ್ಕೆ ಹೋಗಿ’ ಎಂದಂತೆ ಅದು, ಕೇಳಿದವರು ನಿಂತಿರುವ ಜಾಗ ಬದಲಾದರೆ ತಲುಪುವ ಜಾಗವೂ ಬದಲಾಗುತ್ತದೆ. ಚಿತ್ರ ಕಾಣದಿರುವ ತಕರಾರುಗಳಲ್ಲಿ ಅನೇಕವು ಇದರಲ್ಲೇ ಇವೆ. ಬರೆಯುವವರು ತಮ್ಮ ಫೋಲ್ಡರಿನಲ್ಲಿ ನಿಂತು ದಾರಿ ಹೇಳಿರುತ್ತಾರೆ, ಬ್ರೌಸರ್ ಪುಟದ ವಿಳಾಸದಲ್ಲಿ ನಿಂತು ಹೊರಡುತ್ತದೆ.

ಕೊನೆಯ ಸ್ಲ್ಯಾಶ್‌ನ ಆಟ

ಬ್ರೌಸರ್ ಹೊರಡುವ ರೀತಿಗೆ ಖಚಿತ ನಿಯಮವಿದೆ. 2005ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 3986 ಎಂಬ ಮಾನದಂಡ ಅದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಿದೆ. ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಅದರ ಮೂವರು ಲೇಖಕರಲ್ಲಿ ಒಬ್ಬರು. ಸಾರ ಇಷ್ಟು: ಪುಟದ ವಿಳಾಸದಲ್ಲಿ ಕೊನೆಯ ಸ್ಲ್ಯಾಶ್ (/) ಎಲ್ಲಿದೆಯೋ ಅಲ್ಲಿಗೆ ನಿಲ್ಲಬೇಕು, ಅದರಾಚೆ ಇರುವುದನ್ನು ಕತ್ತರಿಸಿ ಎಸೆಯಬೇಕು, ಉಳಿದದ್ದರ ಕೊನೆಗೆ ರಿಲೇಟಿವ್ ದಾರಿಯನ್ನು ಅಂಟಿಸಬೇಕು. ದಾರಿಯಲ್ಲಿ ಎರಡು ಚುಕ್ಕಿ ಸಿಕ್ಕಿದಾಗಲೆಲ್ಲ ಒಂದು ಮೆಟ್ಟಿಲು ಮೇಲಕ್ಕೆ.

ಪುಟದ ವಿಳಾಸ ಹೀಗಿದೆ ಎಂದಿಟ್ಟುಕೊಳ್ಳಿ:

ತಾಣ.ಉದಾಹರಣೆ/ಕೈಪಿಡಿ/ಸ್ಥಾಪನೆ

ಕೊನೆಯ ಸ್ಲ್ಯಾಶ್‌ ಇರುವುದು ‘ಕೈಪಿಡಿ’ಯ ನಂತರ. ‘ಸ್ಥಾಪನೆ’ ಕತ್ತರಿಸಿ ಹೋಗುತ್ತದೆ. ಮೇಲಿನ ಲಾಗಿನ್ ಚಿತ್ರಕ್ಕೆ ಬ್ರೌಸರ್ ಕೇಳುವ ವಿಳಾಸ:

ತಾಣ.ಉದಾಹರಣೆ/ಕೈಪಿಡಿ/ಚಿತ್ರಗಳು/ಲಾಗಿನ್.ಪಿಎನ್‌ಜಿ

ಈಗ ಅದೇ ಪುಟದ ವಿಳಾಸದ ತುದಿಗೆ ಒಂದೇ ಒಂದು ಸ್ಲ್ಯಾಶ್ ಸೇರಿಸಿ. ಕತ್ತರಿಸಲು ಏನೂ ಉಳಿಯುವುದಿಲ್ಲ, ಬ್ರೌಸರ್ ಕೇಳುವುದು ಬೇರೆಯದನ್ನೇ:

ತಾಣ.ಉದಾಹರಣೆ/ಕೈಪಿಡಿ/ಸ್ಥಾಪನೆ/ಚಿತ್ರಗಳು/ಲಾಗಿನ್.ಪಿಎನ್‌ಜಿ

ಮಾರ್ಕ್‌ಡೌನ್ ಫೈಲಿನಲ್ಲಿ ಒಂದಕ್ಷರವೂ ಬದಲಾಗಿಲ್ಲ, ಚಿತ್ರವೂ ಇದ್ದಲ್ಲೇ ಇದೆ. ಎರಡು ವಿಳಾಸಗಳೂ ಒಂದೇ ಪುಟವನ್ನು ತೋರಿಸುವ ಸರ್ವರ್ ಆಗಿದ್ದರೆ, ಒಬ್ಬರಿಗೆ ಚಿತ್ರ ಕಾಣುತ್ತದೆ, ಇನ್ನೊಬ್ಬರಿಗೆ ಕಾಣುವುದಿಲ್ಲ. ‘ನನ್ನಲ್ಲಿ ಸರಿಯಾಗಿದೆಯಲ್ಲ’ ಎಂದು ಒಬ್ಬರು, ‘ನನ್ನಲ್ಲಿ ಇಲ್ಲವಲ್ಲ’ ಎಂದು ಇನ್ನೊಬ್ಬರು ವಾದ ಮಾಡುತ್ತಾರೆ, ಇಬ್ಬರದೂ ನಿಜವೇ.

ಇದೇ ನಿಯಮದ ಇನ್ನೊಂದು ಮೂಲೆಯನ್ನೂ ನೋಡಬೇಕು. ಮೇಲೆ ಹತ್ತಲು ಮೆಟ್ಟಿಲೇ ಇಲ್ಲದಿದ್ದರೆ? ಡೊಮೇನಿನ ಬುಡ ತಲುಪಿದ ಮೇಲೂ ಎರಡು ಚುಕ್ಕಿಗಳು ಉಳಿದಿದ್ದರೆ ಬ್ರೌಸರ್ ದೋಷವೆಂದು ಹೇಳುವುದಿಲ್ಲ. ಹೆಚ್ಚುವರಿ ಚುಕ್ಕಿಗಳನ್ನು ಸದ್ದಿಲ್ಲದೆ ನುಂಗಿ ಬುಡದಲ್ಲೇ ನಿಲ್ಲುತ್ತದೆ. ಚಿತ್ರಗಳ ಫೋಲ್ಡರ್ ಅದೃಷ್ಟವಶಾತ್ ಬುಡದಲ್ಲೇ ಇದ್ದರೆ, ಚುಕ್ಕಿ ಸೇರಿಸುತ್ತಾ ಹೋದವರಿಗೆ ಚಿತ್ರ ಸಿಕ್ಕಿಬಿಡುತ್ತದೆ. ತಡಕಾಡಿದವರು ಒಮ್ಮೊಮ್ಮೆ ಗೆಲ್ಲುವುದು ಹೀಗೆ. ಅದೇ ತಾಣವನ್ನು ನಾಳೆ ಒಂದು ಉಪಫೋಲ್ಡರಿಗೆ ವರ್ಗಾಯಿಸಿದರೆ ಆ ಗೆಲುವು ಮುಗಿಯಿತು.

ಸ್ಲ್ಯಾಶ್ ತುದಿಯಲ್ಲಿರುವ ವಿಳಾಸಗಳು ಅಪರೂಪವೇನಲ್ಲ. ಮಾರ್ಕ್‌ಡೌನ್ ಫೈಲುಗಳಿಂದ ತಾಣ ಕಟ್ಟಿಕೊಡುವ ಎಂಕೆಡಾಕ್ಸ್, ಹ್ಯೂಗೊ ಮುಂತಾದ ಸಲಕರಣೆಗಳು ಚಂದದ ವಿಳಾಸ ಸಿಗಲೆಂದು ಪ್ರತಿ ಪುಟಕ್ಕೂ ಒಂದು ಫೋಲ್ಡರ್ ಮಾಡಿ, ಅದರೊಳಗೆ ಇಂಡೆಕ್ಸ್ ಫೈಲ್ ಇಡುತ್ತವೆ. ‘ಸ್ಥಾಪನೆ.ಎಂಡಿ’ ಎಂಬ ಫೈಲು ‘ಸ್ಥಾಪನೆ/’ ಎಂಬ ವಿಳಾಸವಾಗುತ್ತದೆ. ಅಂದರೆ ಪುಟ ಒಂದು ಮೆಟ್ಟಿಲು ಒಳಗೆ ಇಳಿದಿರುತ್ತದೆ, ನೀವು ಹೇಳಿದ ದಾರಿಗೆ ಆ ಸುದ್ದಿ ತಿಳಿದಿರುವುದಿಲ್ಲ.

ಎಂಕೆಡಾಕ್ಸ್ ಇಲ್ಲಿ ಸ್ವಲ್ಪ ಜಾಣತನ ತೋರುತ್ತದೆ. ಮಾರ್ಕ್‌ಡೌನ್ ಶೈಲಿಯಲ್ಲಿ ಬರೆದ ರಿಲೇಟಿವ್ ಲಿಂಕುಗಳನ್ನು ಫೈಲುಗಳ ಜಾಗಕ್ಕೆ ತಕ್ಕಂತೆ ಓದಿಕೊಂಡು, ಪುಟ ಕಟ್ಟುವಾಗ ತಾನೇ ತಿದ್ದುತ್ತದೆ. ಆದರೆ ಚಿತ್ರದ ಅಗಲ ಹೊಂದಿಸಲೆಂದು ಅದೇ ಫೈಲಿನಲ್ಲಿ ನೇರ ಎಚ್‌ಟಿಎಂಎಲ್ ಇಮೇಜ್ ಟ್ಯಾಗ್ ಬರೆದರೆ ಅದನ್ನು ಮುಟ್ಟುವುದಿಲ್ಲ. ಒಂದೇ ಪುಟದಲ್ಲಿ, ಒಂದೇ ದಾರಿ ಬರೆದ ಎರಡು ಚಿತ್ರಗಳಲ್ಲಿ ಒಂದು ಕಂಡು ಇನ್ನೊಂದು ಕಾಣದಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಹ್ಯೂಗೊದಲ್ಲಿ ನನಗೆ ಹಿಡಿಸಿದ ದಾರಿ ಬೇರೆ: ಪ್ರತಿ ಲೇಖನಕ್ಕೂ ಅದರದೇ ಫೋಲ್ಡರ್, ಅದರೊಳಗೆ ಇಂಡೆಕ್ಸ್ ಎಂಬ ಹೆಸರಿನ ಮಾರ್ಕ್‌ಡೌನ್ ಫೈಲ್, ಪಕ್ಕದಲ್ಲೇ ಆ ಲೇಖನದ ಚಿತ್ರಗಳು. ಫೋಲ್ಡರಿನಲ್ಲಿ ಕಂಡ ಜೋಡಣೆಯೇ ವೆಬ್‌ನಲ್ಲೂ ಉಳಿಯುವುದರಿಂದ ಬರೀ ಫೈಲ್ ಹೆಸರು ಬರೆದರೆ ಸಾಕು, ಮೆಟ್ಟಿಲು ಎಣಿಸುವ ತಲೆನೋವಿಲ್ಲ. ಲೇಖನ ಬೇರೆಡೆಗೆ ಹೋದರೆ ಫೋಲ್ಡರನ್ನೇ ಎತ್ತಿಕೊಂಡು ಹೋಗಬಹುದು.

ಮೊದಲಲ್ಲೇ ಸ್ಲ್ಯಾಶ್ ಇದ್ದರೆ

ಎಣಿಕೆ ಬೇಸರವಾದವರು ಹಿಡಿಯುವ ಅಡ್ಡದಾರಿ ಒಂದಿದೆ. ದಾರಿಯನ್ನು ಸ್ಲ್ಯಾಶ್‌ನಿಂದಲೇ ಆರಂಭಿಸುವುದು:

![ಲಾಗಿನ್ ಪರದೆ](/ಚಿತ್ರಗಳು/ಲಾಗಿನ್.ಪಿಎನ್‌ಜಿ)

‘ಬುಡದಿಂದ ಹೊರಡು’ ಎಂದು ಇದರರ್ಥ. ಯಾವ ಬುಡ ಎಂಬಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಬ್ರೌಸರ್‌ಗೆ ಅದು ಡೊಮೇನಿನ ಬುಡ. ಕೋಡ್ ಇಡುವ ತಾಣವಾದ ಗಿಟ್‌ಹಬ್ ಮಾರ್ಕ್‌ಡೌನ್ ತೋರಿಸುವಾಗ ಅದು ರೆಪೊಸಿಟರಿಯ, ಅಂದರೆ ಒಂದು ಯೋಜನೆಯ ಫೈಲುಗಳೆಲ್ಲ ಇರುವ ಸಂಗ್ರಹದ, ಬುಡ. ವಿಎಸ್ ಕೋಡ್ ಎಂಬ ಎಡಿಟರಿನ ಪ್ರಿವ್ಯೂನಲ್ಲಿ ನೀವು ತೆರೆದಿರುವ ಫೋಲ್ಡರಿನ ಬುಡ. ಎಚ್‌ಟಿಎಂಎಲ್ ಫೈಲನ್ನು ಡಿಸ್ಕಿನಿಂದ ನೇರವಾಗಿ ತೆರೆದರೆ ಡಿಸ್ಕಿನದೇ ಬುಡ.

ರೆಪೊಸಿಟರಿಯಿಂದಲೇ ತಾಣ ಪ್ರಕಟಿಸುವ ಗಿಟ್‌ಹಬ್ ಪೇಜಸ್ ಬಳಸುವವರು ಇಲ್ಲಿ ತಪ್ಪದೆ ಎಡವುತ್ತಾರೆ. ಪ್ರಾಜೆಕ್ಟ್ ತಾಣಗಳು ಡೊಮೇನಿನ ಬುಡದಲ್ಲಿ ಕೂರುವುದಿಲ್ಲ, ರೆಪೊಸಿಟರಿಯ ಹೆಸರಿನ ಒಂದು ಮೆಟ್ಟಿಲು ಕೆಳಗೆ ಕೂರುತ್ತವೆ. ರೆಪೊಸಿಟರಿಯ ಪುಟದಲ್ಲಿ ನೋಡಿದಾಗ ಮೊದಲ ಸ್ಲ್ಯಾಶ್ ಸರಿಯಾಗಿ ಕೆಲಸ ಮಾಡಿರುತ್ತದೆ, ಪ್ರಕಟವಾದ ತಾಣದಲ್ಲಿ ಅದೇ ಸ್ಲ್ಯಾಶ್ ರೆಪೊಸಿಟರಿಯ ಹೆಸರನ್ನು ಹಾರಿಸಿ ಇನ್ನೂ ಮೇಲಕ್ಕೆ ಹೋಗಿಬಿಡುತ್ತದೆ. ತಾಣ ಕಟ್ಟಿಕೊಡುವ ಇನ್ನೊಂದು ಸಲಕರಣೆ ಜೆಕಿಲ್‌ನಲ್ಲಿ ಇದಕ್ಕೆಂದೇ ಬೇಸ್‌ಯುಆರ್‌ಎಲ್ ಎಂಬ ಸೆಟ್ಟಿಂಗ್ ಇದೆ, ಅದನ್ನು ದಾರಿಯ ಮುಂದೆ ಸೇರಿಸಿಕೊಡುವ ಫಿಲ್ಟರೂ ಇದೆ. ಆ ಫಿಲ್ಟರಿನ ಹೆಸರು ರಿಲೇಟಿವ್ ಯುಆರ್‌ಎಲ್! ಕೊಡುವುದು ಮಾತ್ರ ಸ್ಲ್ಯಾಶ್‌ನಿಂದ ಶುರುವಾಗುವ ದಾರಿಯನ್ನು. ಹೆಸರು ನೋಡಿ ಮೋಸ ಹೋಗಬೇಡಿ. ಮೇಲಾಗಿ ಆ ಫಿಲ್ಟರ್ ಬರೆದ ಸಾಲು ಜೆಕಿಲ್‌ನಲ್ಲಿ ಸರಿಹೋದರೂ ರೆಪೊಸಿಟರಿಯ ಪುಟದಲ್ಲಿ ಮುರಿದು ಕಾಣುತ್ತದೆ, ಯಾಕೆಂದರೆ ಅಲ್ಲಿ ಫಿಲ್ಟರ್ ನಡೆಸುವವರಿಲ್ಲ. ಒಂದೇ ಫೈಲು ಎರಡೂ ಕಡೆ ಕಾಣಬೇಕೆಂದಿದ್ದರೆ ಮೊದಲ ಸ್ಲ್ಯಾಶ್ ಬಿಟ್ಟು, ದಸ್ತಾವೇಜಿನಿಂದಲೇ ಹೊರಡುವ ದಾರಿ ಬರೆಯುವುದು ವಾಸಿ.

ಇಷ್ಟೆಲ್ಲ ಕಿರಿಕಿರಿ ಯಾಕೆ, ಪೂರ್ಣ ವಿಳಾಸವನ್ನೇ ಬರೆದರಾಯಿತಲ್ಲ ಎನ್ನಿಸಬಹುದು. ರೆಪೊಸಿಟರಿಯಲ್ಲಿ ಬ್ರ್ಯಾಂಚುಗಳು, ಅಂದರೆ ಬೇರೆ ಬೇರೆಯಾಗಿ ಬೆಳೆಯುವ ಪ್ರತಿಗಳು, ಇರುವುದನ್ನು ನೆನೆಯಿರಿ. ಹೊಸ ಬ್ರ್ಯಾಂಚಿನಲ್ಲಿ ಚಿತ್ರ ಬದಲಿಸಿದ್ದೀರಿ, ಲಿಂಕ್ ಮಾತ್ರ ಮೇನ್ ಬ್ರ್ಯಾಂಚಿನ ಪೂರ್ಣ ವಿಳಾಸಕ್ಕಿದೆ. ಪರಿಶೀಲಿಸುವವರಿಗೆ ಹೊಸ ಪಠ್ಯದ ಜೊತೆ ಹಳೆಯ ಚಿತ್ರ ಕಾಣುತ್ತದೆ. ರಿಲೇಟಿವ್ ಲಿಂಕ್ ಆದರೆ ಆಯಾ ಬ್ರ್ಯಾಂಚಿನ ಚಿತ್ರವೇ ಬರುತ್ತದೆ. ಯಾರಾದರೂ ರೆಪೊಸಿಟರಿಯನ್ನು ಫೋರ್ಕ್ ಮಾಡಿ ತಮ್ಮದೇ ನಕಲು ಇಟ್ಟುಕೊಂಡರೂ ಅಷ್ಟೇ, ಇಂಟರ್ನೆಟ್ ಇಲ್ಲದೆ ತಮ್ಮ ಕಂಪ್ಯೂಟರಿನಲ್ಲಿ ಓದಿದರೂ ಅಷ್ಟೇ. ಗಿಟ್‌ಹಬ್ 2013ರ ಜನವರಿಯಲ್ಲಿ ಮಾರ್ಕ್‌ಡೌನ್ ಮುಂತಾದ ಫೈಲುಗಳಲ್ಲಿ ರಿಲೇಟಿವ್ ಲಿಂಕುಗಳಿಗೆ ಬೆಂಬಲ ಕೊಟ್ಟ ಮೇಲೆ, ರೆಪೊಸಿಟರಿಯ ಒಳಗಿನ ಚಿತ್ರಕ್ಕೆ ಪೂರ್ಣ ವಿಳಾಸ ಬರೆಯಲು ಕಾರಣ ಉಳಿದಿಲ್ಲವೆಂದೇ ನನ್ನ ಎಣಿಕೆ.

ಪೂರ್ಣ ವಿಳಾಸಕ್ಕೆ ಅದರದೇ ಬಲೆಯೂ ಇದೆ. ಗಿಟ್‌ಹಬ್‌ನಲ್ಲಿ ಚಿತ್ರದ ಮೇಲೆ ಕ್ಲಿಕ್ ಮಾಡಿ, ಮೇಲಿನ ಪಟ್ಟಿಯಿಂದ ವಿಳಾಸ ನಕಲಿಸಿ ಮಾರ್ಕ್‌ಡೌನ್‌ಗೆ ಅಂಟಿಸುತ್ತಾರೆ. ಆ ವಿಳಾಸದ ನಡುವೆ ‘ಬ್ಲಾಬ್’ ಎಂಬ ಪದವಿರುತ್ತದೆ. ಅದು ಚಿತ್ರದ ವಿಳಾಸವಲ್ಲ, ಚಿತ್ರವನ್ನು ನಡುವೆ ಕೂರಿಸಿಕೊಂಡ ಒಂದು ವೆಬ್ ಪುಟದ ವಿಳಾಸ. ಬೇರೆ ತಾಣದ ಪುಟವೊಂದು ಅದನ್ನು ಚಿತ್ರವೆಂದು ಕರೆದರೆ ಸರ್ವರ್ ‘ಇಗೋ’ ಎಂದು ಎಚ್‌ಟಿಎಂಎಲ್ ಕೊಡುತ್ತದೆ. ಚಿತ್ರ ಕಾಣುವುದಿಲ್ಲ, ‘ಸಿಗಲಿಲ್ಲ’ ಎನ್ನುವ 404 ದೋಷವೂ ಬರುವುದಿಲ್ಲ. ಅಲ್ಲಿ ಬೇಕಾದದ್ದು ‘ರಾ’ ಎಂಬ ಗುಂಡಿಯ ಹಿಂದಿರುವ ವಿಳಾಸ.

ಫೋಲ್ಡರೇ ಇಲ್ಲದ ಕಡೆ

ರಿಲೇಟಿವ್ ಲಿಂಕ್ ನಡೆಯದ ಜಾಗಗಳೂ ಇವೆ, ಅಲ್ಲಿ ಹಟ ಹಿಡಿದು ಪ್ರಯೋಜನವಿಲ್ಲ. ಪೈಥಾನ್ ಪ್ಯಾಕೇಜಿನ ರೀಡ್‌ಮಿ ಎಂಬ ಪರಿಚಯದ ಫೈಲ್, ಪ್ಯಾಕೇಜುಗಳು ಸಿಗುವ ಪೈಪಿಐ ತಾಣದಲ್ಲೂ ಕಾಣಿಸಿಕೊಳ್ಳುತ್ತದೆ. ಅಲ್ಲಿಗೆ ಹೋಗುವುದು ರೀಡ್‌ಮಿಯ ಪಠ್ಯ ಮಾತ್ರ, ಪಕ್ಕದ ಚಿತ್ರಗಳ ಫೋಲ್ಡರ್ ಆ ಪುಟದ ಪಕ್ಕ ಬಂದು ಕೂರುವುದಿಲ್ಲ. ಪೂರ್ಣ ವಿಳಾಸವೇ ಗತಿ. ಅದನ್ನೂ ಮೇನ್ ಬ್ರ್ಯಾಂಚಿಗೆ ಕೊಡುವ ಬದಲು ಆ ಆವೃತ್ತಿಗೆ ಗುರುತಾಗಿ ಇಟ್ಟ ಟ್ಯಾಗಿಗೆ ಕೊಟ್ಟರೆ, ಮುಂದೆ ಚಿತ್ರ ಬದಲಾದರೂ ಹಳೆಯ ಆವೃತ್ತಿಯ ಪುಟ ಹಾಗೇ ಉಳಿಯುತ್ತದೆ. ವಿಎಸ್ ಕೋಡ್ ಎಕ್ಸ್‌ಟೆನ್ಶನ್‌ಗಳ ವಿಷಯದಲ್ಲಿ ಪ್ಯಾಕ್ ಮಾಡುವ ಸಲಕರಣೆಯೇ ಗಿಟ್‌ಹಬ್ ರೆಪೊಸಿಟರಿಯ ವಿಳಾಸ ನೋಡಿಕೊಂಡು ರಿಲೇಟಿವ್ ದಾರಿಗಳನ್ನು ಪೂರ್ಣ ಮಾಡಿಕೊಡುತ್ತದೆ. ಸಮಸ್ಯೆ ಒಂದೇ, ಒಂದು ಕಡೆ ಹೊರೆ ಬರೆಯುವವರ ಮೇಲೆ, ಇನ್ನೊಂದು ಕಡೆ ಸಲಕರಣೆಯ ಮೇಲೆ.

ಇಮೇಲ್‌ನಲ್ಲಿ ಹೋಗುವ ಸುದ್ದಿಪತ್ರಕ್ಕೂ ಪೂರ್ಣ ವಿಳಾಸ ಬೇಕು, ಇಮೇಲ್‌ಗೆ ನಿಂತ ನೆಲವೇ ಇಲ್ಲ. ಆರ್‌ಎಸ್‌ಎಸ್ ಫೀಡ್‌ನಲ್ಲಿ ರಿಲೇಟಿವ್ ದಾರಿಯನ್ನು ಒಂದೊಂದು ರೀಡರ್ ಒಂದೊಂದು ಥರ ಓದುತ್ತದೆ, ನಂಬುವಂತಿಲ್ಲ. ಆನ್‌ಲೈನ್ ಎಡಿಟರ್‌ಗಳಲ್ಲಿ ಚಿತ್ರವನ್ನು ಎಳೆದು ಬಿಟ್ಟಾಗ ಅವು ಉದ್ದನೆಯ ಪೂರ್ಣ ವಿಳಾಸ ತುಂಬುವುದು ಇದೇ ಕಾರಣಕ್ಕೆ: ಅಲ್ಲಿ ದಸ್ತಾವೇಜಿನ ಹಿಂದೆ ನಿಮ್ಮ ಫೋಲ್ಡರ್ ಇಲ್ಲ. ಮುಂದೊಂದು ದಿನ ಆ ದಸ್ತಾವೇಜನ್ನು ಡೌನ್‌ಲೋಡ್ ಮಾಡಿಕೊಂಡರೆ ಪಠ್ಯ ನಿಮ್ಮ ಬಳಿ ಬರುತ್ತದೆ, ಚಿತ್ರಗಳು ಅವರ ಸರ್ವರಿನಲ್ಲೇ ಉಳಿಯುತ್ತವೆ.

ಹೆಸರಿನಲ್ಲೇ ಎಲ್ಲ ಇದೆ

ದಾರಿ ಸರಿಯಿದ್ದು ಹೆಸರು ಕೈಕೊಡುವುದು ಇನ್ನೊಂದು ದೊಡ್ಡ ಅಧ್ಯಾಯ. ಇಂಗ್ಲಿಷ್‌ನಲ್ಲಿ ಹೆಸರಿಟ್ಟಾಗ ದೊಡ್ಡಕ್ಷರ, ಸಣ್ಣಕ್ಷರದ ತಕರಾರು ಎಲ್ಲರಿಗೂ ಗೊತ್ತಿರುವಂಥದ್ದು. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದು ಬಗೆಯುತ್ತವೆ, ಲಿನಕ್ಸ್ ಸರ್ವರ್ ಬೇರೆ ಬೇರೆ ಎನ್ನುತ್ತದೆ. ಕ್ಯಾಮೆರಾದಿಂದ ಬಂದ ಫೈಲಿನ ಕೊನೆಯಲ್ಲಿ ಜೆಪಿಜಿ ಎಂಬುದು ದೊಡ್ಡಕ್ಷರದಲ್ಲಿರುತ್ತದೆ, ಲಿಂಕಿನಲ್ಲಿ ನಾವು ಸಣ್ಣಕ್ಷರದಲ್ಲಿ ಬರೆದಿರುತ್ತೇವೆ. ಮನೆಯಲ್ಲಿ ಕಾಣುತ್ತದೆ, ಸರ್ವರಿನಲ್ಲಿ ಕಾಣುವುದಿಲ್ಲ. ಆಮೇಲೆ ಫೈಲಿನ ಹೆಸರನ್ನು ಸಣ್ಣಕ್ಷರಕ್ಕೆ ಬದಲಿಸಿದರೂ, ವಿಂಡೋಸ್‌ನಲ್ಲಿ, ಮ್ಯಾಕ್‌ನಲ್ಲಿ ಫೈಲುಗಳ ಬದಲಾವಣೆ ದಾಖಲಿಸುವ ಗಿಟ್‌ಗೆ ಆ ಬದಲಾವಣೆ ಗಮನಕ್ಕೇ ಬರದಿರಬಹುದು. ಗಿಟ್‌ನ ಎಂವಿ ಆಜ್ಞೆಯಿಂದಲೇ ಹೆಸರು ಬದಲಿಸಿದರೆ ಅದು ದಾಖಲಾಗುತ್ತದೆ.

ಹೆಸರಿನ ನಡುವೆ ಸ್ಪೇಸ್ ಇದ್ದರೆ ಬೇರೆಯೇ ಲಕ್ಷಣ. ಮಾರ್ಕ್‌ಡೌನ್‌ಗೆ ಖಚಿತ ನಿಯಮ ಬರೆದಿಟ್ಟ ಕಾಮನ್‌ಮಾರ್ಕ್ ಪ್ರಕಾರ ದಾರಿಯಲ್ಲಿ ಬರೀ ಸ್ಪೇಸ್ ಇರುವಂತಿಲ್ಲ. ಹಾಗಾಗಿ ಮುರಿದ ಚಿತ್ರದ ಗುರುತೂ ಬರದೆ, ಆಶ್ಚರ್ಯಸೂಚಕ, ಆವರಣಗಳ ಸಮೇತ ನೀವು ಬರೆದ ಸಾಲೇ ಪುಟದ ಮೇಲೆ ಕಾಣುತ್ತದೆ. ದಾರಿಯನ್ನು ಕೋನಾಕಾರದ ಆವರಣದಲ್ಲಿ ಇಡಬೇಕು, ಇಲ್ಲವೇ ಸ್ಪೇಸ್ ಬದಲು %20 ಬರೆಯಬೇಕು. ಇತ್ತೀಚಿನ ಮ್ಯಾಕ್‌ಗಳ ಸ್ಕ್ರೀನ್‌ಶಾಟ್ ಹೆಸರಿನಲ್ಲಿ ಎಎಂ, ಪಿಎಂಗೆ ಮೊದಲು ಬರುವುದು ಮಾಮೂಲಿ ಸ್ಪೇಸೂ ಅಲ್ಲ, ಅದರಂತೆಯೇ ಕಾಣುವ ಇನ್ನೊಂದು ಕಿರಿದಾದ ಅಕ್ಷರ. ಕಣ್ಣಿನಿಂದ ನೋಡಿ ಟೈಪ್ ಮಾಡಿದವರಿಗೆ ಅದು ಎಂದೂ ಹೊಂದುವುದಿಲ್ಲ. ವಿಂಡೋಸ್‌ನ ಹಿಮ್ಮುಖ ಸ್ಲ್ಯಾಶ್ ಬಗ್ಗೆ ಹೇಳುವುದು ಒಂದೇ ಮಾತು: ಬಳಸಬೇಡಿ.

ಕನ್ನಡದಲ್ಲಿ ಹೆಸರಿಟ್ಟರೆ ದೊಡ್ಡಕ್ಷರ ಸಣ್ಣಕ್ಷರದ ಗೋಜಿಲ್ಲ. ಬೇರೆ ಗೋಜಿದೆ. ವಿಳಾಸದೊಳಗೆ ಕನ್ನಡ ಹೋಗುವುದು ಯುಟಿಎಫ್-8 ಎಂಬ ಸಂಕೇತಪದ್ಧತಿಯ ಬೈಟುಗಳಾಗಿ, ಪ್ರತಿ ಬೈಟೂ ಶೇಕಡಾ ಚಿಹ್ನೆಯ ನಂತರ ಎರಡು ಅಕ್ಷರಗಳಾಗಿ. ‘ಚಿತ್ರ’ ಎಂಬ ಪುಟ್ಟ ಪದ ಯುನಿಕೋಡ್‌ನಲ್ಲಿ 5 ಸಂಕೇತ, 15 ಬೈಟು, ನಕಲಿಸಿ ಅಂಟಿಸಿದಾಗ 45 ಅಕ್ಷರಗಳ ಸರಪಳಿ. ಅದು ನೋಡಲು ಒರಟು, ಅಪಾಯವಲ್ಲ. ಅಪಾಯವಿರುವುದು ಕಾಣದ ಕಡೆ.

‘ಫೋಟೋ’ ಎಂಬ ಪದವನ್ನು ತೆಗೆದುಕೊಳ್ಳಿ. ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ, ಊತ್ವ ಮತ್ತು ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಯುನಿಕೋಡ್ ಎರಡನ್ನೂ ಸಮಾನ ಎನ್ನುತ್ತದೆ, ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಬೈಟುಗಳಲ್ಲಿ ಮಾತ್ರ ಮೊದಲನೆಯದು 12, ಎರಡನೆಯದು 24. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಟ್ಟೇ ಉಳಿಸುತ್ತಿತ್ತು. ಲಿನಕ್ಸ್ ಸರ್ವರ್ ಸಾಮಾನ್ಯವಾಗಿ ಬೈಟಿಗೆ ಬೈಟು ಹೋಲಿಸಿ, ಹೊಂದದಿದ್ದರೆ ಫೈಲ್ ಇಲ್ಲ ಎನ್ನುತ್ತದೆ. ಇದರ ಜೊತೆಗೆ ‘ಸ್ಕ್ರೀನ್‌ಶಾಟ್’ ಥರದ ಪದಗಳ ನಡುವೆ ಅರ್ಧಾಕ್ಷರ ಒತ್ತಾಗದಂತೆ ತಡೆಯುವ ಅದೃಶ್ಯ ಅಕ್ಷರವೊಂದು ಕೂತಿರುತ್ತದೆ. ಅಗಲವೇ ಇಲ್ಲದ ಆ ಅಕ್ಷರವೂ 3 ಬೈಟು. ಫೈಲಿನ ಹೆಸರಿನಲ್ಲಿ ಅದು ಒಮ್ಮೆ ಇದ್ದು ಲಿಂಕಿನಲ್ಲಿ ಎರಡು ಸಲ ಬಿದ್ದಿದ್ದರೆ ಯಾವ ಕಣ್ಣಿಗೂ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಹೆಸರಿಡಬಾರದೆಂದು ಹೇಳಲು ನನಗೆ ಮನಸ್ಸಿಲ್ಲ. ಆದರೂ ನಾನು ಫೈಲುಗಳಿಗೆ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಅಡ್ಡಗೆರೆ ಇಷ್ಟನ್ನೇ ಬಳಸಿ, ಕನ್ನಡವನ್ನು ಚೌಕ ಆವರಣದ ವಿವರಣೆಯಲ್ಲಿ ಬರೆಯುತ್ತೇನೆ. ಚಿತ್ರ ಬರದಿದ್ದಾಗ ಓದುಗರಿಗೆ ಕಾಣುವುದೂ, ಸ್ಕ್ರೀನ್ ರೀಡರ್ ಓದಿ ಹೇಳುವುದೂ ಅದನ್ನೇ. ಕನ್ನಡ ಅಲ್ಲಿರಬೇಕು.

ಮುರಿದದ್ದು ಎಲ್ಲಿ ಎಂದು ಹುಡುಕುವ ಬಗೆ

ಊಹೆ ಬೇಡ. ಮುರಿದ ಚಿತ್ರದ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ, ಚಿತ್ರವನ್ನು ಹೊಸ ಟ್ಯಾಬ್‌ನಲ್ಲಿ ತೆರೆಯಿರಿ. ಮೇಲಿನ ಪಟ್ಟಿಯಲ್ಲಿ ಕಾಣುವುದು ಬ್ರೌಸರ್ ನಿಜವಾಗಿ ಕೇಳಿದ ಪೂರ್ಣ ವಿಳಾಸ. ಅದನ್ನು ಚಿತ್ರ ಇರಬೇಕಾದ ವಿಳಾಸದ ಪಕ್ಕ ಇಟ್ಟು ಎಡದಿಂದ ಓದುತ್ತಾ ಬನ್ನಿ. ನಡುವೆ ಪುಟದ ಹೆಸರೇ ಒಂದು ಹೆಚ್ಚುವರಿ ಮೆಟ್ಟಿಲಾಗಿ ಸೇರಿದ್ದರೆ ಅದು ಕೊನೆಯ ಸ್ಲ್ಯಾಶ್‌ನ ಕೆಲಸ. ರೆಪೊಸಿಟರಿಯ ಹೆಸರು ಕಾಣೆಯಾಗಿದ್ದರೆ ಮೊದಲ ಸ್ಲ್ಯಾಶ್‌ನದು. ಎರಡೂ ಅಕ್ಷರಶಃ ಒಂದೇ ಥರ ಕಂಡೂ 404 ಬಂದರೆ ಹೆಸರಿನ ತಕರಾರು, ಅಥವಾ ಚಿತ್ರವನ್ನು ಕಮಿಟ್ ಮಾಡುವುದೇ, ಅಂದರೆ ಗಿಟ್‌ನಲ್ಲಿ ದಾಖಲಿಸುವುದೇ, ಮರೆತುಹೋಗಿದೆ. ಗಿಟ್‌ಇಗ್ನೋರ್ ಫೈಲಿನಲ್ಲಿ ಯಾರೋ ಪಿಎನ್‌ಜಿಗಳನ್ನೆಲ್ಲ ಹೊರಗಿಟ್ಟಿರುವುದೂ ಉಂಟು. ವಿಳಾಸ ತೆರೆದಾಗ ಚಿತ್ರದ ಬದಲು ಮೆನು, ಗುಂಡಿಗಳಿರುವ ಪುಟ ಬಂದರೆ ಅದು ಬ್ಲಾಬ್ ವಿಳಾಸ.

ಚಿತ್ರಗಳು ಹತ್ತಾರಿದ್ದರೆ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಪಟ್ಟಿಯಲ್ಲಿ ಚಿತ್ರಗಳನ್ನಷ್ಟೇ ಆರಿಸಿ ಪುಟವನ್ನು ಮತ್ತೆ ಲೋಡ್ ಮಾಡಿದರೆ ಸಿಗದವೆಲ್ಲ ಕೆಂಪಾಗಿ ಕಾಣುತ್ತವೆ.

ಪ್ರಕಟಿಸುವ ಮುನ್ನವೇ ಹಿಡಿಯುವ ಉಪಾಯವೂ ಇದೆ. ಎಂಕೆಡಾಕ್ಸ್ ಅನ್ನು ಸ್ಟ್ರಿಕ್ಟ್ ಆಯ್ಕೆಯೊಂದಿಗೆ ನಡೆಸಿದರೆ, ಮಾರ್ಕ್‌ಡೌನ್ ಲಿಂಕಿನ ತುದಿಯಲ್ಲಿ ಫೈಲ್ ಇಲ್ಲದಿದ್ದಾಗ ಎಚ್ಚರಿಕೆ ಕೊಟ್ಟು ಸುಮ್ಮನಾಗದೆ ತಾಣ ಕಟ್ಟುವುದನ್ನೇ ನಿಲ್ಲಿಸುತ್ತದೆ. ಈ ಪರೀಕ್ಷೆಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ನಡೆಸಿದರೆ ಸಾಲದು. ಪ್ರತಿ ಕಮಿಟ್ ಆದಾಗಲೂ ಲಿನಕ್ಸ್ ಯಂತ್ರವೊಂದರಲ್ಲಿ ತಾನಾಗಿ ನಡೆಯುವಂತೆ ಹೊಂದಿಸಿಡಿ, ಮ್ಯಾಕ್, ವಿಂಡೋಸ್‌ಗಳು ಕಂಡೂ ಬಿಟ್ಟ ಅಕ್ಷರಭೇದ ಅಲ್ಲಿ ಸಿಕ್ಕಿಬೀಳುತ್ತದೆ.